ಓದಿಲ್ಲ ಎಂದು ನಾನು ಬರೆದ ವರದಿ

ಮೂರು ವರ್ಷದ ಹಿಂದೆ ನಾನು ಮೂಡುಬಿದಿರೆಯ ಒಂದು ಸಣ್ಣ ಪ್ರಕಾಶನದಲ್ಲಿ ಹಸ್ತಪ್ರತಿ ಸಂಪಾದಕನಾಗಿದ್ದೆ. ಈ ಪ್ರಕರಣ ಶುರುವಾದದ್ದು ಜೂನ್ ತಿಂಗಳಲ್ಲಿ ಎಂದು ಬರೆಯಲು ಹೊರಟಿದ್ದೆ. ಡೈರಿ ತೆಗೆದು ನೋಡಿದರೆ ಜುಲೈ ಎಂದಿದೆ. ನನ್ನ ನೆನಪಿಗೂ ಡೈರಿಗೂ ಜಗಳ ಬಂದ ಕಡೆಯೆಲ್ಲ ಇಲ್ಲಿ ಡೈರಿಯ ಮಾತನ್ನೇ ನಡೆಸಿದ್ದೇನೆ.

ಕೊಣಾಜೆಯ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಮುಗಿಸಿ, ಪಿಎಚ್.ಡಿ.ಗೆ ಸೇರಿ ಅರ್ಧಕ್ಕೆ ಬಿಟ್ಟು, ಹನ್ನೊಂದು ವರ್ಷ ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಎದ್ದು ಬಂದವನು ನಾನು. ಒಂದೇ ಕುರ್ಚಿಯಲ್ಲಿ ಬಹಳ ಕಾಲ ಕೂರುವುದು ನನ್ನಿಂದಾಗುವುದಿಲ್ಲ. ಯಾರು ಏನು ಹೇಳಿದರೂ "ಆಧಾರ ಏನು?" ಎಂದು ಕೇಳುವುದು ವಿಶ್ವವಿದ್ಯಾಲಯ ಅಂಟಿಸಿದ ಚಾಳಿ. ಮದುವೆ ಮನೆಯಲ್ಲಿ ಇದು ಯಾರಿಗೂ ಹಿಡಿಸದ ಗುಣ. ಪ್ರಕಾಶನದ ಮಾಲೀಕ ಸುಧಾಕರನಿಗೆ ಮಾತ್ರ ಅದು ಬೇಕಿತ್ತು. ಬಸ್ ಸ್ಟ್ಯಾಂಡಿನ ಹತ್ತಿರ ಅವನ ಮುದ್ರಣಾಲಯ, ಅದರ ಮಾಳಿಗೆಯಲ್ಲಿ ಪ್ರಕಾಶನದ ಎರಡು ಕೋಣೆ. ಬಂದ ಹಸ್ತಪ್ರತಿಗಳನ್ನು ಓದಿ, ಅಚ್ಚು ಹಾಕಬಹುದೇ ಬೇಡವೇ ಎಂದು ನಾನು ಎರಡು ಮೂರು ಪುಟದ ವರದಿ ಕೊಡಬೇಕು. ವರದಿಯ ಕೆಳಗೆ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಹಳೆಯ ಪುಸ್ತಕವನ್ನು ಆಧರಿಸಿ ಬರೆದ ಕೃತಿಯಾದರೆ ಆ ವರದಿಯ ಒಂದು ಪ್ರತಿ ಮೂಲ ಪುಸ್ತಕದ ಹಕ್ಕುದಾರರಿಗೂ ಹೋಗುತ್ತಿತ್ತು.

ಆ ಜುಲೈಯಲ್ಲಿ ಬಂದದ್ದು ಅಂಥದೇ ಒಂದು ಕೃತಿ. ಬರೆದವಳು ಪ್ರಜ್ಞಾ. ಬೆಳ್ತಂಗಡಿ ತಾಲೂಕಿನ ಹುಡುಗಿ, ಇಪ್ಪತ್ತಾರು ವರ್ಷ, ಉಜಿರೆಯ ಒಂದು ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ಹದಿಹರೆಯದವರಿಗಾಗಿ ಅವಳು ಹೊಸದಾಗಿ ಹೇಳಲು ಹೊರಟದ್ದು 'ಕಡವಿನಾಚೆ' ಎಂಬ ಹಳೆಯ ಪ್ರೇಮ ಕಾದಂಬರಿಯನ್ನು.

ಅದನ್ನು ಓದದವರಿಗಾಗಿ ಕತೆ ಚಿಕ್ಕದಾಗಿ ಹೇಳುತ್ತೇನೆ. ಬರೆದವರು ನರಿಕೊಂಬಿನ ಮಾಧವ ಮಾಸ್ಟ್ರು, ಈಗಿಲ್ಲ. ಭೂಸುಧಾರಣೆಯ ಕಾಲ. ಗೇಣಿಗೆ ಗದ್ದೆ ಮಾಡುವವರು ಡಿಕ್ಲರೇಶನ್ ಕೊಟ್ಟರೆ, ಅಂದರೆ ಈ ಭೂಮಿ ಉಳುತ್ತಿರುವುದು ನಾನು ಎಂದು ಅರ್ಜಿ ಹಾಕಿದರೆ, ಭೂಮಿ ಅವರ ಹೆಸರಿಗೆ ಆಗುವ ಕಾನೂನು ಬಂದಿದೆ. ಸುಮತಿ ಒಕ್ಕಲಿನ ಮಗಳು, ರಘುರಾಮ ಆ ಭೂಮಿಯ ಧನಿಗಳ ಮಗ. ದಿನಾ ನೇತ್ರಾವತಿಯ ಕಡವಿನಲ್ಲಿ, ದೋಣಿ ದಾಟುವ ಜಾಗದಲ್ಲಿ, ಅವರ ಭೇಟಿ. ಹೆದರುವ ಅಪ್ಪನ ಕೈ ಹಿಡಿದು ಸುಮತಿಯೇ ಡಿಕ್ಲರೇಶನ್ ಕೊಡಿಸುತ್ತಾಳೆ. ಅವಳ ಮನೆಗೆ ಗದ್ದೆ ಬಂದ ದಿನ ರಘುರಾಮನ ಮನೆಯ ಗೇಣಿ ಅಕ್ಕಿ ಹೋಗುತ್ತದೆ. ಆದರೂ ಅವನು ಅವಳನ್ನು ಹುಡುಕಿಕೊಂಡು ಕಡವಿಗೆ ಬರುತ್ತಾನೆ. ಅಲ್ಲಿಗೆ ಕಾದಂಬರಿ ಮುಗಿಯುತ್ತದೆ.

ಪ್ರಜ್ಞಾಳ ಪುಸ್ತಕದ ಹೆಸರು 'ಸುಮಿ ಆನ್‌ಲೈನ್'. ಸುಮಿ ಉಜಿರೆಯ ಹಾಸ್ಟೆಲಿನಲ್ಲಿರುತ್ತಾಳೆ. ರಘು ಕಾಲೇಜು ಆಡಳಿತ ಮಂಡಳಿಯವರ ಮಗ. ಜಗಳ ನಡೆಯುವುದು ಕಾಲೇಜು ಫೆಸ್ಟಿನ ಕಮಿಟಿಯಲ್ಲಿ ಯಾರು ಇರಬೇಕು ಎನ್ನುವುದಕ್ಕೆ. ಇಪ್ಪತ್ತಮೂರನೇ ಅಧ್ಯಾಯದಲ್ಲಿ ರಘು ಉದ್ದದ ಮೆಸೇಜು ಕಳಿಸುತ್ತಾನೆ, ಸುಮಿ ನೋಡಿ ಉತ್ತರ ಕೊಡುವುದಿಲ್ಲ. ಇಪ್ಪತ್ತನಾಲ್ಕರಲ್ಲಿ ಇಬ್ಬರೂ ಬಸ್ ಸ್ಟಾಪಿನಲ್ಲಿ ಸಿಕ್ಕಿ, ಒಂದೇ ಕೊಡೆಯೊಳಗೆ ನಿಂತು, ಎಲ್ಲ ಸರಿಯಾಗುತ್ತದೆ. ನಾನು ಆಸೆಯಿಂದ ಓದಲು ಕೂತವನು. ಅರ್ಧಕ್ಕೆ ಬರುವಾಗ ಬೇಸರವಾಗಿತ್ತು, ಮುಗಿಯುವಾಗ ಸಿಟ್ಟು. ಮೂಲದಲ್ಲಿ ಪ್ರೀತಿಗೂ ಅನ್ನಕ್ಕೂ ಜಗಳ. ಇಲ್ಲಿ ಯಾರೂ ಏನೂ ಕಳೆದುಕೊಳ್ಳುವುದಿಲ್ಲ. ಹೆಚ್ಚೆಂದರೆ ಒಂದು ದಿನದ ಡೇಟಾ ಪ್ಯಾಕು.

ಇಷ್ಟನ್ನೇ ಬರೆದು ನಿಲ್ಲಿಸಿದ್ದರೆ ಈ ಕಥನಕ್ಕೆ ಕಾರಣವೇ ಇರುತ್ತಿರಲಿಲ್ಲ. ಆದರೆ ನನ್ನ ಸಿಟ್ಟಿಗೆ ನಿಜವಾದ ಕಾರಣ ಕೊನೆಯ ದೃಶ್ಯ. ಮೂಲದಲ್ಲಿ ಕಡವಿನಲ್ಲಿ ನಿಂತು ಸುಮತಿ ರಘುರಾಮನಿಗೆ ಒಂದೂವರೆ ಪುಟ ಮಾತಾಡುತ್ತಾಳೆ. "ನಿಮ್ಮ ಅಪ್ಪ ನಮಗೆ ಗದ್ದೆ ಕೊಟ್ಟದ್ದಲ್ಲ. ನಾವು ಉತ್ತದ್ದು ನಮ್ಮ ಹೆಸರಿಗೆ ಬಂದದ್ದು. ಇನ್ನು ನನ್ನನ್ನು ಕೊಂಡುಹೋಗಲು ಬರಬೇಡಿ, ಕೇಳಲು ಬನ್ನಿ." ಆ ಮಾತು ನನಗೆ ಬಾಯಿಪಾಠ. ಹನ್ನೊಂದು ವರ್ಷ ತರಗತಿಯಲ್ಲಿ ಅದನ್ನು ಉದಾಹರಿಸಿದ್ದೇನೆ. ಮಕ್ಕಳು ಉತ್ತರಪತ್ರಿಕೆಯಲ್ಲಿ ಬರೆದದ್ದಕ್ಕೆ ಅಂಕ ಕೊಟ್ಟಿದ್ದೇನೆ. ಪ್ರಜ್ಞಾಳ ಪುಸ್ತಕದಲ್ಲಿ ಅದರ ನೆರಳೂ ಇರಲಿಲ್ಲ. ಹಾಗಾಗಿ ವರದಿಯ ಕೊನೆಗೆ ಹೀಗೆ ಬರೆದೆ: "ಮೂಲದ ಜೀವಾಳವಾದ ಕಡವಿನ ಸಂಭಾಷಣೆಯೇ ಇಲ್ಲಿ ಬಿಟ್ಟುಹೋಗಿದೆ. ಲೇಖಕಿ ಮೂಲ ಕಾದಂಬರಿಯನ್ನು ಓದಿಲ್ಲ. ಎಲ್ಲೋ ಸಿಕ್ಕಿದ ಸಾರಾಂಶವನ್ನು ನೋಡಿ ಬರೆದಿದ್ದಾರೆ ಎನ್ನುವುದು ಸ್ಪಷ್ಟ."

ವರದಿಯ ಪ್ರತಿ ನರಿಕೊಂಬಿಗೆ ಹೋಯಿತು. ಹಕ್ಕುದಾರರು ಮಾಧವ ಮಾಸ್ಟ್ರ ಮಗಳು ಶಾರದಕ್ಕ, ಅಂಚೆ ಇಲಾಖೆಯಿಂದ ನಿವೃತ್ತರು. ನಾಲ್ಕನೇ ದಿನಕ್ಕೆ ಅವರ ಕಾರ್ಡು ಬಂತು: ಅಪ್ಪನ ಪುಸ್ತಕ ಓದದವರಿಗೆ ಕೊಟ್ಟ ಅನುಮತಿಯನ್ನು ಹಿಂದೆಗೆದುಕೊಂಡಿದ್ದೇನೆ. ಪುಸ್ತಕ ನಿಂತಿತು. ಅಷ್ಟಕ್ಕೇ ಮುಗಿಯಲಿಲ್ಲ. ಕನ್ನಡ ಕಲಿಸುವವಳು ಮೂಲ ಓದದೆ ಪುಸ್ತಕ ಬರೆದಳಂತೆ ಎನ್ನುವ ಮಾತು, ಹೇಗೋ ಏನೋ, ಉಜಿರೆಯ ಸ್ಟಾಫ್ ರೂಮನ್ನೂ ತಲುಪಿತು.

ಮುಂದಿನ ವಾರ ಪ್ರಜ್ಞಾ ಮಾಳಿಗೆಯ ಮೆಟ್ಟಿಲು ಹತ್ತಿ ಬಂದಳು. ವರದಿಯಲ್ಲಿ ಹೆಸರಿಲ್ಲದಿದ್ದರೂ, ಎರಡು ಕೋಣೆಯ ಪ್ರಕಾಶನದಲ್ಲಿ ಬರೆದವರು ಯಾರೆಂದು ಕೇಳಬೇಕಾಗಿರಲಿಲ್ಲ. ಸೀದ ನನ್ನ ಮೇಜಿನ ಹತ್ತಿರ ಬಂದು, ಚೀಲದಿಂದ ಕಾಲೇಜು ಲೈಬ್ರರಿಯ 'ಕಡವಿನಾಚೆ' ತೆಗೆದಿಟ್ಟಳು.

"ಸರ್, ಸುಮತಿ ಕಡವಿನಲ್ಲಿ ಮಾತಾಡುವುದು ಇದರಲ್ಲಿ ಎಲ್ಲಿ ಉಂಟು? ಸ್ವಲ್ಪ ತೋರಿಸ್ತೀರಾ?"

"ಕೊನೆಯಲ್ಲಿ ಉಂಟಲ್ಲ," ಎಂದು ತೆರೆದೆ.

ಕೊನೆಯ ಪುಟದಲ್ಲಿ ರಘುರಾಮ ಅವಳ ಹೆಸರು ಹಿಡಿದು ಕರೆಯುತ್ತಾನೆ. ಸುಮತಿ ಕೊಡೆ ಮಡಚಿ ದೋಣಿ ಹತ್ತುತ್ತಾಳೆ. ತಿರುಗಿ ನೋಡುವುದಿಲ್ಲ. ದೋಣಿಯವನು ಹುಟ್ಟು ಹಾಕುತ್ತಾನೆ. ಮುಗಿಯಿತು. ಹಿಂದಿನ ಪುಟ ನೋಡಿದೆ, ಅದರ ಹಿಂದಿನದ್ದು ನೋಡಿದೆ. ಪುಟ ಹರಿದಿದೆಯೇ ಎಂದು ಹೊಲಿಗೆಯನ್ನೂ ಪರೀಕ್ಷಿಸಿದೆ.

"ನಾನು ಐದು ಸಲ ಓದಿದ್ದೇನೆ ಸರ್," ಪ್ರಜ್ಞಾ ಹೇಳಿದಳು. "ನನ್ನ ಪುಸ್ತಕ ಒಳ್ಳೆದಿಲ್ಲ ಅಂತ ಬರೆಯಿರಿ, ನಾನು ಸಹಿಸ್ತೇನೆ. ಓದಿಲ್ಲ ಅಂತ ಯಾಕೆ ಬರೆದದ್ದು? ಡಿಸೆಂಬರಿನಲ್ಲಿ ನಮ್ಮಲ್ಲಿ ಖಾಯಂ ಪೋಸ್ಟಿಗೆ ಇಂಟರ್‌ವ್ಯೂ ಉಂಟು. ಅಲ್ಲಿ ಕೂತು ನಾನು ಎಂತ ಹೇಳುವುದು?"

ಆಗ ನಾನು ಮಾಡಿದ ತಪ್ಪು ಓದುಬರಹ ಬಲ್ಲವನು ಮಾತ್ರ ಮಾಡಬಹುದಾದ ತಪ್ಪು. "ಇದು ಎರಡನೇ ಮುದ್ರಣ," ಎಂದೆ. "ಪಾಠಾಂತರ ಇರಬೇಕು." ಒಂದೇ ಕೃತಿಯ ಬೇರೆ ಬೇರೆ ಪ್ರತಿಗಳಲ್ಲಿ ವ್ಯತ್ಯಾಸ ಇದ್ದರೆ ಅದಕ್ಕೆ ಪಾಠಾಂತರ ಎನ್ನುತ್ತಾರೆ. ಹಳಗನ್ನಡ ಕಾವ್ಯಗಳನ್ನು ಸಂಪಾದಿಸಲು ನಮಗೆ ಕಲಿಸಿದ ವಿದ್ಯೆ. ಅದನ್ನು ನನ್ನ ನೆನಪನ್ನು ಉಳಿಸಿಕೊಳ್ಳಲು ಬಳಸಿದೆ. ಮೊದಲ ಮುದ್ರಣದಲ್ಲಿ ಆ ಮಾತು ಇದ್ದಿರಬೇಕು, ಯಾರೋ ತೆಗೆದಿರಬೇಕು. ಎಲ್ಲರನ್ನೂ ಆಧಾರ ಕೇಳುವ ನಾನು ನನ್ನನ್ನು ಮಾತ್ರ ಕೇಳಿಕೊಳ್ಳಲಿಲ್ಲ.

"ಹುಡುಕಿ ನೋಡಿ ಸರ್," ಎಂದಳು ಅವಳು. "ಸಿಕ್ಕಿದ್ರೆ ನಾನೇ ಬಂದು ತಪ್ಪೊಪ್ಪಿಕೊಳ್ತೇನೆ."

ಶನಿವಾರ ನಾನು ನರಿಕೊಂಬಿಗೆ ಹೋದೆ. ಶಾರದಕ್ಕ ಮೊದಲ ಮುದ್ರಣವನ್ನೂ ಅಪ್ಪನ ಕೈಬರಹದ ನೋಟ್‌ಬುಕ್ಕನ್ನೂ ಮೇಜಿನ ಮೇಲೆ ಇಟ್ಟರು. ಎರಡರಲ್ಲೂ ಸುಮತಿ ಸುಮ್ಮನೆ ದೋಣಿ ಹತ್ತಿದ್ದಳು.

"ಒಂದೂವರೆ ಪುಟವಾ?" ಶಾರದಕ್ಕ ನಕ್ಕರು. "ಅಪ್ಪ ಮನೆಯಲ್ಲಿ ಸಹ ಅಷ್ಟು ಮಾತಾಡಿದವರಲ್ಲ. ಸೊಸೆ ಹತ್ರ ಒಂದು ಲೋಟ ನೀರು ಕೇಳುವುದಿದ್ರೂ ಕೈಸನ್ನೆ. ನೀವು ಬೇರೆ ಯಾವುದೋ ಪುಸ್ತಕ ಓದಿದ್ದು."

"ಪುಸ್ತಕ ಆಗುವ ಮೊದಲು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತ್ತಲ್ಲ? ಅದರ ಪ್ರತಿ?"

"ಅದು ಒರಲೆ ತಿಂದು ಎಷ್ಟೋ ವರ್ಷ ಆಯ್ತು."

ನನಗೆ ನಿರಾಸೆಯ ಬದಲು ಧೈರ್ಯ ಬಂತು. ನೋಡದ ಪಾಠ ಇನ್ನೊಂದು ಉಳಿದಿದೆ, ಬೇರೆಲ್ಲಾದರೂ ಸಿಗಬಹುದು ಎಂದರೆ ನಾನಿನ್ನೂ ಸೋತಿಲ್ಲ. ಅಷ್ಟಕ್ಕೂ ಆ ಕತೆಯನ್ನು ನಾನು ಮೊದಲು ಓದಿದ್ದು ವಾರಪತ್ರಿಕೆಯಲ್ಲೇ. ಆಗ ಪಿಯುಸಿ. ನಮ್ಮೂರು ಬೆಳುವಾಯಿ. ಮಧ್ಯಾಹ್ನ ಊಟ ಮುಗಿದ ಮೇಲೆ ಪಕ್ಕದ ಮನೆಯ ಗಿರಿಜಕ್ಕನ ಜಗಲಿಯಲ್ಲಿ ಆರೇಳು ಹೆಂಗಸರು ಮಡಿಲಲ್ಲಿ ತಡ್ಪೆ, ಅಂದರೆ ಸಣ್ಣ ಮೊರ, ಇಟ್ಟುಕೊಂಡು ಬೀಡಿ ಕಟ್ಟಲು ಕೂರುತ್ತಿದ್ದರು. ಕೈಗೆ ಕೆಲಸ, ಕಿವಿಗೆ ಇಲ್ಲ. ಹಾಗಾಗಿ ಯಾರಾದರೂ ಧಾರಾವಾಹಿ ಓದಿ ಹೇಳುವುದು ಅಲ್ಲಿನ ಕ್ರಮ. ಅಚ್ಚಿನಲ್ಲಿರುವುದು ಕನ್ನಡ, ಜಗಲಿಯ ಭಾಷೆ ತುಳು. ಒಂದೊಂದು ಪ್ಯಾರಾ ಕಣ್ಣಲ್ಲಿ ಓದಿ ತುಳುವಿನಲ್ಲಿ ಹೇಳಬೇಕು. ಎರಡು ವರ್ಷ ಅದನ್ನು ಮಾಡಿದವನು ನಾನು. ಪತ್ರಿಕೆ ತರಿಸುತ್ತಿದ್ದವರು ಗಿರಿಜಕ್ಕ.

ಮರುದಿನವೇ ಬೆಳುವಾಯಿಗೆ ಹೋದೆ. ಗಿರಿಜಕ್ಕನಿಗೆ ಈಗ ಎಪ್ಪತ್ತು ದಾಟಿದೆ, ಕಣ್ಣು ಚುರುಕು. ಧಾರಾವಾಹಿಯ ಹಾಳೆಗಳನ್ನು ಗೋಣಿ ದಾರದಲ್ಲಿ ಹೊಲಿದು, ಸೀರೆಗಳ ಅಡಿಯಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದರು. ಕೊನೆಯ ಕಂತು ತೆರೆದೆ. ಸುಮತಿ ಕೊಡೆ ಮಡಚಿದಳು, ದೋಣಿ ಹತ್ತಿದಳು. ದೋಣಿಯವನು ಹುಟ್ಟು ಹಾಕಿದ.

"ಎಂತ ಹುಡುಕ್ತಿದ್ದಿ ಮಗಾ?" ಎಂದರು ಗಿರಿಜಕ್ಕ. ನಾವು ಆಡಿದ್ದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಕೊಡುತ್ತಿದ್ದೇನೆ.

"ಸುಮತಿ ಆಡುವ ಮಾತು. ಕೇಳಲು ಬನ್ನಿ ಅಂತ ಹೇಳ್ತಾಳಲ್ಲ."

"ಅದು ಇದರಲ್ಲಿ ಎಲ್ಲಿ ಸಿಗ್ತದೆ? ಅದು ನೀನು ಸೇರಿಸಿದ್ದಲ್ವಾ?"

ನಾನು ಕೊನೆಯ ಹಾಳೆಯನ್ನು ಮತ್ತೆ ತಿರುಗಿಸಿ ನೋಡಿದೆ. ಅವರೇ ಮುಂದುವರಿಸಿದರು.

"ನೀನು ಓದಿ ಮುಗಿಸಿದಿ. ಒಬ್ಬರೂ ಬೀಡಿ ಎಲೆ ಮುಟ್ಟಲಿಲ್ಲ. ನಾನೇ ಜಗಳಕ್ಕೆ ಬಂದದ್ದು. ಇಷ್ಟೆಲ್ಲ ಆಗಿ ಅವಳು ಬಾಯಿ ಮುಚ್ಚಿ ಹೋದ್ಳಾ, ಬರೆದವನಿಗೆ ಮಂಡೆ ಸರಿ ಉಂಟಾ ಅಂತ. ಮರುದಿನ ನೀನು ಬಂದು, ನಿನ್ನೆ ಒಂದು ಹಾಳೆ ಅಂಟಿಕೊಂಡಿತ್ತು, ಕತೆ ಇನ್ನೂ ಉಂಟು ಅಂತ ಓದಿದಿ."

"ನಿಮಗೆ ಆಗಲೇ ಗೊತ್ತಾಯ್ತಾ?"

"ಗೊತ್ತಾಗದೆ? ಅಷ್ಟುದ್ದ ಮಾತಾಡಿದಿ, ಒಂದು ಸಲ ಸಹ ಹಾಳೆ ತಿರುಗಿಸ್ಲಿಲ್ಲ!"

"ಮತ್ತೆ ಯಾಕೆ ಹೇಳ್ಲಿಲ್ಲ ಗಿರಿಜಕ್ಕ?"

"ಚೆಂದ ಇತ್ತು, ಯಾಕೆ ಹಾಳು ಮಾಡುದು? ಮತ್ತೆ, ಮಾತು ನಂದೇ ಅಲ್ವಾ. ನಮ್ಮ ಡಿಕ್ಲರೇಶನ್ ಆದ ದಿನ ಧನಿಗಳು ದಾರಿಯಲ್ಲಿ ಸಿಕ್ಕಿ, 'ಕೊಟ್ಟಿದ್ದೇನೆ, ಚೆನ್ನಾಗಿ ನೋಡಿಕೊಳ್ಳಿ' ಅಂದ್ರು. ಅಪ್ಪ ತಲೆ ಬಗ್ಗಿಸಿ ನಿಂತ್ರು. ನೀವು ಕೊಟ್ಟದ್ದಲ್ಲ ಅಂತ ಹೇಳ್ಳಿಕ್ಕೆ ನನಗೆ ನಾಲಗೆ ತುದಿಗೆ ಬಂದಿತ್ತು. ಹೇಳ್ಲಿಲ್ಲ. ಅದನ್ನೇ ಜಗಲಿಯಲ್ಲಿ ಎಷ್ಟು ಸಲ ಹೇಳಿಲ್ಲ ನಾನು! ನೀನು ಕೇಳಿ ಕೇಳಿ ಸುಮತಿಯ ಬಾಯಿಗೆ ಹಾಕಿದಿ."

ಇದರಲ್ಲಿ ಎಷ್ಟು ನಿಜ ಎಂದು ನಾನು ಹೇಳಲಾರೆ. ಹಾಳೆ ಅಂಟಿತ್ತು ಎಂದು ಸುಳ್ಳು ಹೇಳಿದ ನೆನಪು ಅವರ ಮನೆಗೆ ಹೋಗುವ ತನಕ ನನಗಿರಲಿಲ್ಲ. ಅವರು ಹೇಳಿದ ಮೇಲೆ, ಬೆವರಿದ ಕೈಯಲ್ಲಿ ಪತ್ರಿಕೆ ಹಿಡಿದು ಕೂತ ನನ್ನ ಚಿತ್ರ ಕಣ್ಣಿಗೆ ಬರತೊಡಗಿದೆ. ಬಂದದ್ದು ನೆನಪೋ ಅವರ ವರ್ಣನೆಯೋ? ಅವರ ನೆನಪೂ ನನ್ನದರ ಹಾಗೆ ನಲವತ್ತು ವರ್ಷದಲ್ಲಿ ಬೆಳೆದಿರಬಹುದು. ಖಚಿತವಾಗಿ ಗೊತ್ತಿರುವುದು ಒಂದೇ. ನೋಟ್‌ಬುಕ್ಕು, ವಾರಪತ್ರಿಕೆ, ಎರಡು ಮುದ್ರಣ, ಹೀಗೆ ನಾಲ್ಕು ಪ್ರತಿಗಳಲ್ಲಿ ಆ ಮಾತು ಇಲ್ಲ.

ಸುಧಾಕರನಿಗೆ ಎಲ್ಲವನ್ನೂ ಹೇಳಿದೆ. ಅವನು ನಕ್ಕು ನಕ್ಕು ಕಣ್ಣೊರೆಸಿಕೊಂಡ.

"ಬಿಡಿ ಮಾರಾಯ್ರೆ. ಪುಸ್ತಕ ಸಪ್ಪೆ ಅಲ್ವಾ?"

"ಸಪ್ಪೆಯೇ."

"ಮತ್ತೆ ಎಂತ ಮಂಡೆಬಿಸಿ? ಹೇಗೂ ಬೇಡ ಅಂತಲೇ ಹೇಳ್ತಿದ್ರಿ. ಒಂದು ವಾಕ್ಯ ಹೆಚ್ಚುಕಮ್ಮಿ ಆಯ್ತು, ಅಷ್ಟೇ."

ಎರಡು ದಿನ ನಾನೂ ಹೀಗೇ ವಾದ ಮಾಡಿಕೊಂಡೆ ಎನ್ನುವುದನ್ನು ಮುಚ್ಚಿಡುವುದಿಲ್ಲ. ಕಾರಣ ತಪ್ಪಾದರೂ ತೀರ್ಮಾನ ಸರಿ ಇದೆಯಲ್ಲ! ಆದರೆ ಶಾರದಕ್ಕ ಅನುಮತಿ ಹಿಂದೆಗೆದದ್ದು ಪುಸ್ತಕ ಸಪ್ಪೆ ಎಂದಲ್ಲ. ಉಜಿರೆಯಲ್ಲಿ ಜನ ಆಡಿಕೊಂಡದ್ದೂ ಅದನ್ನಲ್ಲ. ಆ ಒಂದು ವಾಕ್ಯವೇ ಅಷ್ಟನ್ನೂ ಮಾಡಿತ್ತು. ಡಿಸೆಂಬರಿನ ಇಂಟರ್‌ವ್ಯೂ ಕೋಣೆಗೆ ಅವಳಿಗಿಂತ ಮೊದಲು ಹೋಗಿ ಕೂರುವುದೂ ಅದೇ.

ಎರಡನೇ ವರದಿ ಬರೆಯಲು ಕೂತೆ. ಈ ಸಲ ಎಡಗಡೆ 'ಕಡವಿನಾಚೆ', ಬಲಗಡೆ 'ಸುಮಿ ಆನ್‌ಲೈನ್'. ಅಧ್ಯಾಯಕ್ಕೆ ಅಧ್ಯಾಯ ಇಟ್ಟು ಓದಿದಾಗ ನನಗೆ ಇನ್ನೊಂದು ಪೆಟ್ಟು ಕಾದಿತ್ತು. ಇಪ್ಪತ್ತಮೂರನೇ ಅಧ್ಯಾಯದಲ್ಲಿ ರಘುವಿನ ಮೆಸೇಜಿಗೆ ಸುಮಿ ಉತ್ತರ ಕೊಡದೆ ಫೋನು ಚೀಲಕ್ಕೆ ಹಾಕಿ ಬಸ್ಸು ಹತ್ತುತ್ತಾಳೆ. ಕಂಡಕ್ಟರ್ ಸೀಟಿ ಹೊಡೆಯುತ್ತಾನೆ. ಮೊದಲ ಓದಿನಲ್ಲಿ ಇದು ಅವಳು ತೇಲಿಸಿ ಬರೆದದ್ದು ಎಂದುಕೊಂಡಿದ್ದೆ. ಮಾಧವ ಮಾಸ್ಟ್ರ ಕೊನೆಯ ಪುಟವನ್ನು ಅವಳು ಇಷ್ಟು ಹತ್ತಿರದಿಂದ ಓದಿದ್ದಳು. ಬಸ್ಸೊಂದು ದೋಣಿಯಾಗಿ ಕಣ್ಣೆದುರೇ ಹೊರಟಿತ್ತು, ನನಗೆ ಕಾಣಲಿಲ್ಲ. ನಾನು ಇಲ್ಲದ ಮಾತಿಗೆ ಕಿವಿ ಕೊಟ್ಟು ಕೂತಿದ್ದೆ.

ವರದಿಯ ಮೊದಲ ಪ್ಯಾರಾದಲ್ಲಿ, ಲೇಖಕಿ ಮೂಲವನ್ನು ಓದಿಲ್ಲ ಎಂಬ ನನ್ನ ಹೇಳಿಕೆ ಸುಳ್ಳು, ನಾನು ಸೂಚಿಸಿದ ಸಂಭಾಷಣೆ ಮೂಲದಲ್ಲಿ ಇಲ್ಲ ಎಂದು ಬರೆದೆ. ಇಪ್ಪತ್ತಮೂರನೇ ಅಧ್ಯಾಯದ ಬಗ್ಗೆ ಒಂದು ಪ್ಯಾರಾ. ಉಳಿದ ಆರು ಪುಟ ದೋಷಗಳ ಪಟ್ಟಿ. ಕೆಳಗೆ ಹೆಸರು ಬರೆದು ಸಹಿ ಹಾಕಿದೆ. ಒಂದು ಪ್ರತಿ ಶಾರದಕ್ಕನಿಗೆ, ಒಂದು ಪ್ರಜ್ಞಾಳ ವಿಭಾಗ ಮುಖ್ಯಸ್ಥರಿಗೆ ಕಳಿಸಿದೆ. ಪ್ರಜ್ಞಾಳನ್ನು ಕರೆಸಿ, ಅವಳ ಪ್ರತಿಯನ್ನು ಕೈಯಲ್ಲೇ ಕೊಟ್ಟೆ.

ಅವಳು ಪೂರ್ತಿ ಓದಿದಳು. "ಮೊದಲಿನದ್ದಕ್ಕಿಂತ ಬೈಗುಳ ಜಾಸ್ತಿ ಉಂಟಲ್ಲ ಸರ್."

"ಉಂಟು."

"ಇರಲಿ. ಇದು ನನ್ನ ಪುಸ್ತಕಕ್ಕೇ ಬೈದದ್ದು."

ಬೆಳುವಾಯಿಯ ಕತೆ ಹೇಳಿದೆ. ಸುಧಾಕರನ ಹಾಗೆ ಅವಳು ನಗಲಿಲ್ಲ. "ನಿಮ್ಮನ್ನು ಆ ಅಕ್ಕ ನಿಲ್ಲಿಸಿ ಕೇಳಿದ್ರು ಸರ್. ನಾನು ಇದನ್ನು ಮೊದಲು ಕತೆ ಓದುವ ಆ್ಯಪಿನಲ್ಲಿ ಒಂದೊಂದೇ ಅಧ್ಯಾಯ ಹಾಕುವಾಗ ಹಾರ್ಟ್ ಬಂತು, ಸೂಪರ್ ಅಂತ ಬಂತು. ಜಗಳಕ್ಕೆ ಒಬ್ಬರೂ ಬರ್ಲಿಲ್ಲ," ಎಂದಳು.

"ಹಾಗಾದರೆ ಈಗ ನಾನು ಬರ್ತೇನೆ. ಕೊನೆಯ ಅಧ್ಯಾಯ ತೆಗೆಯಿರಿ. ಬಸ್ಸಿನಲ್ಲೇ ನಿಲ್ಲಿಸಿ."

"ಇಲ್ಲ ಸರ್. ಕೊಡೆ ಬೇಕು."

"ಯಾಕೆ?"

"ನಮ್ಮ ಕಾಲೇಜು ಹಾಸ್ಟೆಲಿನ ಹುಡುಗಿಯರು ಇಪ್ಪತ್ತಮೂರು ಅಧ್ಯಾಯ ಓದುವುದೇ ಆ ಕೊಡೆಗಾಗಿ. ಸುಮ್ಮನೆ ಹೋದ್ಳು ಅಂತ ಹೇಳಿದ್ರೆ ಅವರು ಕೇಳ್ತಾರಾ? ನಿಮ್ಮ ಜಗಲಿಯವರು ಕೇಳಿದ್ರಾ?"

ಉತ್ತರ ಇತ್ತು. ಗಿರಿಜಕ್ಕ ಕೇಳಿದ್ದು ಮಾತು, ಮದುವೆಯಲ್ಲ. ಆ ಮಾತಿನ ಹಿಂದೆ ಒಂದು ಗದ್ದೆ ಇತ್ತು. ಕೊಡೆಯ ಹಿಂದೆ ಏನೂ ಇಲ್ಲ. ಹೀಗೆಲ್ಲ ಹೇಳಬಹುದಿತ್ತು, ಸ್ವಲ್ಪ ಹೇಳಿದೆ ಕೂಡ. ಅವಳು ಒಪ್ಪಲಿಲ್ಲ. ಕೇಳುವವರ ಮುಖ ನೋಡಿ ಕತೆ ಬದಲಿಸಿದವನಿಗೆ ಅದಕ್ಕಿಂತ ಹೆಚ್ಚು ಒತ್ತಾಯಿಸುವ ಮುಖವೂ ಇರಲಿಲ್ಲ.

ಶಾರದಕ್ಕನ ಎರಡನೇ ಕಾರ್ಡು ಬಂತು. ಓದದೆ ಕೆಡಿಸುವುದು ಬೇರೆ, ಐದು ಸಲ ಓದಿ ಕೆಡಿಸುವುದು ಬೇರೆ. ಎರಡನೆಯದಕ್ಕೆ ನನ್ನ ಒಪ್ಪಿಗೆ ಇದೆ ಎಂದು ಬರೆದಿದ್ದರು. ಪುಸ್ತಕ ನವೆಂಬರಿನಲ್ಲಿ ಕೊಡೆಯ ಸಮೇತ ಹೊರಬಂತು. ಡಿಸೆಂಬರಿನ ಇಂಟರ್‌ವ್ಯೂನಲ್ಲಿ ಪ್ರಜ್ಞಾಳಿಗೆ ಕೆಲಸ ಸಿಗಲಿಲ್ಲ, ತನಗಿಂತ ಅನುಭವ ಹೆಚ್ಚಿದ್ದವರಿಗೆ ಹೋಯಿತು ಎಂದು ಅವಳೇ ಹೇಳಿದಳು. ಮೂಲ ಓದಿದ್ದೀರಾ ಎಂದು ಮಾತ್ರ ಅಲ್ಲಿ ಯಾರೂ ಕೇಳಲಿಲ್ಲವಂತೆ. ಮರುವರ್ಷ ಬೇರೆ ಕಾಲೇಜಿನಲ್ಲಿ ಕೆಲಸವಾಯಿತು. ಅಚ್ಚಾದ ಪುಸ್ತಕವನ್ನು ನಾನು ಇನ್ನೊಮ್ಮೆ ಓದಿದ್ದೇನೆ. ಆ ಒಂದು ಅಧ್ಯಾಯ ಬಿಟ್ಟರೆ ಈಗಲೂ ಸಪ್ಪೆ ಎಂದೇ ನನ್ನ ಅಭಿಪ್ರಾಯ.

ಪುಸ್ತಕ ರುಚಿಸಿತೋ ಇಲ್ಲವೋ ಎಂದು ಹೇಳಲು ನನ್ನ ರುಚಿ ಸಾಕು. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಬರೆದವರು ಹೀಗೆ ಮಾಡಿಲ್ಲ, ಹಾಗೆ ಮಾಡಿದ್ದಾರೆ ಎಂದು ಅವರ ಮೇಲೆ ಹೇಳುವಾಗ ಮಾತ್ರ ಎದ್ದು ಹೋಗಿ ನೋಡಬೇಕು. ಈ ಕೆಲಸ ಇಷ್ಟು ತಡವಾಗಿ ನನಗೆ ಕಲಿಸಿದ್ದು ಅದನ್ನು. ಮೊದಲ ಅನುಮತಿ ಪತ್ರದ ಜೊತೆ ಶಾರದಕ್ಕ ಪ್ರಕಾಶನಕ್ಕೆ ಕೊಟ್ಟಿದ್ದ 'ಕಡವಿನಾಚೆ'ಯ ಒಂದು ಪ್ರತಿ, ನಾನು ಆ ವಾಕ್ಯ ಬರೆದ ದಿನ, ನಮ್ಮ ಕೋಣೆಯ ಕಪಾಟಿನಲ್ಲೇ ಇತ್ತು. ಆಮೇಲೆ ಎಣಿಸಿ ನೋಡಿದೆ. ನನ್ನ ಕುರ್ಚಿಯಿಂದ ಅಲ್ಲಿಗೆ ಆರು ಹೆಜ್ಜೆ.